ಹೆಗ್ಗಣದ ಹೆಸರು, ಸಂಚಿಯ ಪ್ರಾಣಿ

ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಹಳಗನ್ನಡದ ಪಾಠ ಹೇಳಿ ನಿವೃತ್ತನಾದವನೊಬ್ಬ ಪ್ರಾಣಿಶಾಸ್ತ್ರದ ವಿಷಯ ಮಾತನಾಡಲು ಕುಳಿತರೆ ಕೇಳುವವರಿಗೆ ಸಂಶಯ ಬರುವುದು ಸಹಜ. ಆ ಸಂಶಯ ನನಗೂ ಇದೆ. ಆದರೆ ಈ ಭಾಷಣಕ್ಕೆ ಕಾರಣವಾದದ್ದು ಪ್ರಾಣಿಯಲ್ಲ, ಒಂದು ಶಬ್ದ. ಶಬ್ದದ ಬೆನ್ನು ಹತ್ತಿ ಹೊರಟವನಿಗೆ ದಾರಿಯಲ್ಲಿ ಪ್ರಾಣಿಗಳು ಎದುರಾದವು, ಅಷ್ಟೆ.

ನನ್ನ ಮಗಳ ಸಂಸಾರ ಆಸ್ಟ್ರೇಲಿಯದ ಬ್ರಿಸ್ಬೇನ್ ನಗರದಲ್ಲಿದೆ. ಮೊಮ್ಮಗ ಒಂದು ಸಂಜೆ ದೂರವಾಣಿಯಲ್ಲಿ ಬಹಳ ಉತ್ಸಾಹದಿಂದ ಹೇಳಿದ: "ಅಜ್ಜಾ, ನಮ್ಮ ಹಿತ್ತಲದಾಗ ಬ್ಯಾಂಡಿಕೂಟ್ ಬಂದೈತಿ. ಅದರ ಹೊಟ್ಟಿಗೆ ಚೀಲ ಇರತೈತಂತ, ಚೀಲದಾಗ ಮರಿ ಇರತಾವಂತ."

"ತಮ್ಮಾ, ಬ್ಯಾಂಡಿಕೂಟ್ ಅಂದ್ರ ಹೆಗ್ಗಣ. ಹೆಗ್ಗಣಕ್ಕ ಎಲ್ಲೀ ಚೀಲೋ?" ಎಂದೆ.

"ಹೆಗ್ಗಣ ಅಲ್ಲಜ್ಜಾ. ಇದು ಕಾಂಗರೂ ಪೈಕಿ."

ನಾನು ನಕ್ಕು ಸುಮ್ಮನಾದೆ. ಹೆಗ್ಗಣದ ವಿಷಯದಲ್ಲಿ ನನಗೆ ಪಾಠ ಹೇಳುವವರು ಯಾರು? ನಾನು ರಬಕವಿಯ ನೇಕಾರರ ಮನೆಯಲ್ಲಿ ಬೆಳೆದವನು. ತಂದೆಯವರ ಕುಣಿಮಗ್ಗದ ಮಗ್ಗುಲಲ್ಲೇ ನಮ್ಮ ಹಾಸಿಗೆ. ಗಂಜಿ ಹಚ್ಚಿದ ನೂಲಿನ ವಾಸನೆಗೆ ರಾತ್ರಿ ಇಲಿ ಹೆಗ್ಗಣಗಳು ಬರುತ್ತಿದ್ದವು. ಒಂದು ರಾತ್ರಿ ಅವು ಹಾಸು ಕಡಿದರೆ ಮರುದಿನ ಇಡೀ ಮನೆ ಎಳೆ ಹುಡುಕಿ ಗಂಟು ಹಾಕುತ್ತ ಕೂರಬೇಕಾಗುತ್ತಿತ್ತು. ಬನಹಟ್ಟಿ ರಬಕವಿಗಳ ಹಳೆಯ ನೇಕಾರರಿಗೆ ಹೆಗ್ಗಣವೆಂದರೆ ಒಂದು ದಿನದ ಕೂಲಿ ಕಳೆದುಹೋದ ಲೆಕ್ಕ. ಆದರೂ ಮೊಮ್ಮಗನ ಮಾತು ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು. ಕೋಶ ತೆಗೆದು ನೋಡಿದೆ. ಹುಡುಗ ಹೇಳಿದ್ದು ನಿಜವಾಗಿತ್ತು. ನಾನು ಹೇಳಿದ್ದೂ ಸುಳ್ಳಾಗಿರಲಿಲ್ಲ. ಒಂದೇ ಹೆಸರಿನ ಕೆಳಗೆ ಎರಡು ಪ್ರಾಣಿಗಳಿದ್ದವು. ಆ ಹೆಸರಾದರೋ ನಮ್ಮ ಕಡೆಯದು.

ಮೊದಲು ಹೆಸರಿನ ಮಾತು. ಬ್ಯಾಂಡಿಕೂಟ್ ಎಂಬುದು ತೆಲುಗಿನ 'ಪಂದಿಕೊಕ್ಕು' ಎಂಬ ಶಬ್ದದ ಇಂಗ್ಲಿಷ್ ರೂಪ. ಪಂದಿ ಎಂದರೆ ಹಂದಿ; ಕೊಕ್ಕು ಎಂದರೆ ಒಂದು ಬಗೆಯ ಇಲಿ. ಹಂದಿಯಂತೆ ಮೂತಿಯಿಂದ ನೆಲ ಕೆದಕುವ, ಹಂದಿಯಂತೆಯೇ ಗುರುಗುಟ್ಟುವ ದೊಡ್ಡ ಇಲಿಗೆ ಇದು ತಕ್ಕ ಹೆಸರು. ನಮ್ಮ ಹಳಗನ್ನಡದಲ್ಲಿಯೂ ಹಂದಿಗೆ 'ಪಂದಿ' ಎಂದೇ ಹೆಸರು. ಪಕಾರ ಹಕಾರವಾದದ್ದು ಕನ್ನಡದ ಮಟ್ಟಿಗೆ ನಡೆದ ಬದಲಾವಣೆ. ತೆಲುಗು ತಮಿಳುಗಳಲ್ಲಿ ಪಕಾರ ಹಾಗೆಯೇ ನಿಂತಿತು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪಂದಿ ಹಂದಿಯಾಯಿತು ಎಂದು ನಾನು ವರ್ಷ ವರ್ಷವೂ ಕರಿಹಲಗೆಯ ಮೇಲೆ ಬರೆದದ್ದೇ ಬರೆದದ್ದು. ಆ ಪಂದಿ ಹಡಗು ಹತ್ತಿ ಆಸ್ಟ್ರೇಲಿಯಕ್ಕೆ ಹೋದದ್ದು ಮಾತ್ರ ನನಗೆ ತಿಳಿದಿರಲಿಲ್ಲ.

ಹೋದದ್ದು ಹೀಗೆ. ೧೮ನೆಯ ಶತಮಾನದ ಕೊನೆಯಲ್ಲಿ ಆಸ್ಟ್ರೇಲಿಯದ ತೀರದಲ್ಲಿ ನೆಲೆಯೂರಿದ ಇಂಗ್ಲಿಷರಿಗೆ ಉದ್ದ ಮೂತಿಯ, ಗೂನು ಬೆನ್ನಿನ, ರಾತ್ರಿ ಹೊರಬಿದ್ದು ನೆಲ ಕೆದಕಿ ಹುಳು ತಿನ್ನುವ ಒಂದು ಚಿಕ್ಕ ಪ್ರಾಣಿ ಕಂಡಿತು. ಭಾರತದಲ್ಲಿ ಕಂಡುಕೇಳಿದ್ದ ಹೆಗ್ಗಣದಂತೆಯೇ ಇದೆಯಲ್ಲ ಎಂದು ಅದನ್ನೂ ಬ್ಯಾಂಡಿಕೂಟ್ ಎಂದು ಕರೆದರು. ರೂಪ ನೋಡಿ ಇಟ್ಟ ಹೆಸರು ಅದು. ಆ ರೂಪದ ಒಳಗೆ ಬೇರೆಯೇ ಒಂದು ವಂಶವಿದೆಯೆಂಬುದು ಹೆಸರಿಟ್ಟವರ ಲಕ್ಷ್ಯಕ್ಕೆ ಬರಲಿಲ್ಲ.

ಆ ವಂಶ ಸಂಚಿಪ್ರಾಣಿಗಳದು. ಇಂಗ್ಲಿಷಿನ ಮಾರ್ಸೂಪಿಯಲ್ ಎಂಬ ಶಬ್ದದ ಮೂಲದಲ್ಲಿ ಲ್ಯಾಟಿನ್ನಿನ 'ಮಾರ್ಸೂಪಿಯಂ' ಇದೆ; ಅದರ ಅರ್ಥ ಹಣದ ಚೀಲ. ನಮ್ಮ ಅಜ್ಜಿಯರು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಎಲೆಯಡಿಕೆಯ ಚಂಚಿಯನ್ನು ನೆನೆದುಕೊಂಡರೆ ಈ ಹೆಸರಿನ ಸ್ವಾರಸ್ಯ ತಿಳಿಯುತ್ತದೆ. ಐರೋಪ್ಯರು ಇಂಥ ಪ್ರಾಣಿಯನ್ನು ಮೊದಲು ಕಂಡದ್ದು ಅಮೆರಿಕ ಖಂಡದಲ್ಲಿ. ಪಿನ್ಸೋನ್ ಎಂಬ ನಾವಿಕ ೧೫೦೦ರಲ್ಲಿ ಅಪೋಸಮ್ ಎಂಬ ಪ್ರಾಣಿಯೊಂದನ್ನು ಸ್ಪೇನಿಗೆ ಒಯ್ದಾಗ ಅಲ್ಲಿಯ ಅರಮನೆಯವರು ಅದರ ಚೀಲದಲ್ಲಿ ಬೆರಳಿಟ್ಟು ನೋಡಿ ಬೆರಗಾದರಂತೆ. ಲಿನೇಯಸ್ ೧೭೫೮ರಲ್ಲಿ ಆ ಪ್ರಾಣಿಯ ಕುಲಕ್ಕೆ 'ಡೈಡೆಲ್ಫಿಸ್', ಅಂದರೆ ಎರಡು ಗರ್ಭದ್ದು, ಎಂದು ಹೆಸರಿಟ್ಟ. ಹೊಟ್ಟೆಯ ಒಳಗೊಂದು ಗರ್ಭ, ಹೊರಗೆ ಚೀಲವೆಂಬ ಇನ್ನೊಂದು ಗರ್ಭ ಎಂಬ ಭಾವನೆ ಅದರ ಹಿಂದೆ ಇದೆ. ಸೋಜಿಗವೆಂದರೆ, ಈ ಹೆಣ್ಣುಗಳ ದೇಹದೊಳಗೂ ಗರ್ಭಕೋಶ ಎರಡಾಗಿಯೇ ಇರುತ್ತದೆ.

ಹಾಲೂಡುವ ಪ್ರಾಣಿಗಳನ್ನೆಲ್ಲ ಇಂದು ಮೂರು ಬಣಗಳಾಗಿ ವಿಂಗಡಿಸುತ್ತಾರೆ. ಮೊಟ್ಟೆಯಿಟ್ಟು ಮರಿಗೆ ಹಾಲೂಡುವವು ಒಂದು ಬಣ. ಪ್ಲಾಟಿಪಸ್ ಮತ್ತು ಎಕಿಡ್ನಗಳು ಸೇರಿ ಇವು ಐದೇ ಜಾತಿ. ಮರಿಯನ್ನು ಗರ್ಭದಲ್ಲಿ ಬಹುಕಾಲ ಜರಾಯುವಿನ ಮೂಲಕ ಪೋಷಿಸುವವು ಇನ್ನೊಂದು ಬಣ. ಹಸು, ಇಲಿ, ಬಾವಲಿ, ತಿಮಿಂಗಿಲ, ನಾವು ನೀವು ಎಲ್ಲ ಇದಕ್ಕೆ ಸೇರಿದವರು. ನಡುವೆ ಸಂಚಿಪ್ರಾಣಿಗಳ ಬಣ. ಇದರಲ್ಲಿ ಮುನ್ನೂರಕ್ಕೂ ಹೆಚ್ಚು ಜಾತಿಗಳಿವೆ. ಇವುಗಳ ಗರ್ಭಕಾಲ ಅತಿ ಅಲ್ಪ. ಆಳೆತ್ತರದ ಕೆಂಪು ಕಾಂಗರೂ ಹೊಟ್ಟೆಯಲ್ಲಿ ಮರಿಯಿರುವುದು ಸುಮಾರು ೩೩ ದಿನ. ಹುಟ್ಟಿದ ಕೂಸಿನ ತೂಕ ಒಂದು ಗ್ರಾಮಿಗಿಂತಲೂ ಕಡಿಮೆ, ಗಾತ್ರ ಒಂದು ಅವರೆಕಾಳಿನಷ್ಟು. ಕಣ್ಣಿಲ್ಲ, ಕಿವಿಯಿಲ್ಲ, ಹಿಂಗಾಲು ಇನ್ನೂ ಮೂಡಿಲ್ಲ. ಆದರೆ ಮುಂಗೈಗಳಲ್ಲಿ ಬಲವಿದೆ. ಅವುಗಳಿಂದ ತಾಯಿಯ ರೋಮಗಳನ್ನು ಹಿಡಿಹಿಡಿದು ತಾನೇ ಏರಿ ಚೀಲ ಸೇರಿ ಮೊಲೆತೊಟ್ಟನ್ನು ಕಚ್ಚಿ ಹಿಡಿಯುತ್ತದೆ. ತೊಟ್ಟು ಬಾಯೊಳಗೆ ಉಬ್ಬಿ ಮರಿಯನ್ನು ಬಿಡದೆ ಹಿಡಿದುಕೊಳ್ಳುತ್ತದೆ. ಅಲ್ಲಿಂದ ಮುಂದೆ ಸುಮಾರು ಎಂಟು ತಿಂಗಳು ಆ ಸಂಚಿಯೇ ಅದರ ತೊಟ್ಟಿಲು.

ಎಲ್ಲ ಸಂಚಿಪ್ರಾಣಿಗಳಿಗೂ ಸಂಚಿ ಇರುವುದಿಲ್ಲ. ಗೆದ್ದಲು ತಿನ್ನುವ ನಂಬ್ಯಾಟಿಗೆ ಚೀಲವೇ ಇಲ್ಲ. ಕಾಂಗರೂವಿನ ಚೀಲದ ಬಾಯಿ ಮೇಲ್ಮುಖ, ಬ್ಯಾಂಡಿಕೂಟಿನದು ಹಿಮ್ಮುಖ. ಮುಂಗಾಲಿನಿಂದ ಮಣ್ಣು ತೋಡಿ ಹಿಂದಕ್ಕೆ ತೂರುವಾಗ ಮರಿಯ ಮೇಲೆ ಮಣ್ಣು ಬೀಳಬಾರದಲ್ಲ, ಅದಕ್ಕೆ ಈ ಏರ್ಪಾಡು. ಬ್ಯಾಂಡಿಕೂಟಿನ ಗರ್ಭಕಾಲ ಹನ್ನೆರಡೂವರೆ ದಿನ. ನಮ್ಮ ಇಲಿಯದು ಮೂರು ವಾರ.

ವರ್ಗೀಕರಣದ ಪಂಡಿತರಿಗೆ ಬ್ಯಾಂಡಿಕೂಟು ಬಹುಕಾಲ ಒಂದು ಸಮಸ್ಯೆಯಾಗಿತ್ತು. ಹಿಂದಿನವರು ಸಂಚಿಪ್ರಾಣಿಗಳನ್ನು ಹಲ್ಲು ನೋಡಿ ಎರಡು ಪಂಗಡ ಮಾಡಿದ್ದರು. ಕೆಳದವಡೆಯ ಮುಂದೆ ಎರಡೇ ದೊಡ್ಡ ಬಾಚಿಹಲ್ಲುಳ್ಳ ಕಾಂಗರೂ, ಕೋಆಲ, ವಾಂಬ್ಯಾಟುಗಳದು ಒಂದು. ಚಿಕ್ಕ ಬಾಚಿಹಲ್ಲುಗಳು ಅನೇಕವಾಗಿರುವ ಮಾಂಸಾಹಾರಿಗಳದು ಇನ್ನೊಂದು. ಕಾಲು ನೋಡಿದರೆ ಕಾಂಗರೂ ಪಂಗಡದಲ್ಲಿ ಹಿಂಗಾಲಿನ ಎರಡನೆಯ ಮೂರನೆಯ ಬೆರಳುಗಳು ಒಂದೇ ಚರ್ಮದಲ್ಲಿ ಕೂಡಿಕೊಂಡು ತುದಿಯಲ್ಲಿ ಎರಡು ಉಗುರು ಮಾತ್ರ ತೋರುತ್ತವೆ. ಬ್ಯಾಂಡಿಕೂಟಿಗೆ ಹಲ್ಲು ಮಾಂಸಾಹಾರಿಯದು, ಕಾಲು ಕಾಂಗರೂವಿನದು. ಯಾವ ಲಕ್ಷಣವನ್ನು ಪ್ರಮಾಣವಾಗಿ ಹಿಡಿಯಬೇಕು? ಕೊನೆಗೆ ಅದಕ್ಕೆ ಪ್ರತ್ಯೇಕ ಗಣವನ್ನೇ ಕಲ್ಪಿಸಿದರು. ಇಂದು ಸಂಚಿಪ್ರಾಣಿಗಳ ಗಣಗಳು ಏಳು: ಮೂರು ಅಮೆರಿಕದಲ್ಲಿ, ನಾಲ್ಕು ಆಸ್ಟ್ರೇಲಿಯ ಮತ್ತು ಅದರ ನೆರೆಯ ದ್ವೀಪಗಳಲ್ಲಿ.

ಗ್ರಂಥಸಂಪಾದನೆ ಮಾಡಿದವರಿಗೆ ಈ ತೊಡಕು ಹೊಸದಲ್ಲ. ಎರಡು ಓಲೆಪ್ರತಿಗಳಲ್ಲಿ ಒಂದೇ ಪಾಠವಿದ್ದ ಮಾತ್ರಕ್ಕೆ ಒಂದನ್ನು ನೋಡಿ ಇನ್ನೊಂದನ್ನು ಬರೆದರೆಂದು ಹೇಳಲಾಗುವುದಿಲ್ಲ. ಇಬ್ಬರು ಲಿಪಿಕಾರರು ಒಂದೇ ಬಗೆಯ ತಪ್ಪನ್ನು ಬೇರೆ ಬೇರೆಯಾಗಿಯೇ ಮಾಡಿರಬಹುದು. ಮೂಲದಿಂದ ಇಳಿದುಬಂದ ಸಾಮ್ಯ ಯಾವುದು, ಸಂದರ್ಭ ತಂದ ಸಾಮ್ಯ ಯಾವುದು ಎಂದು ಬೇರ್ಪಡಿಸುವುದೇ ಸಂಪಾದಕನ ಕೆಲಸ. ಪ್ರಾಣಿವರ್ಗೀಕರಣದ ಕೆಲಸವೂ ಅದೇ. ಒಂದೇ ಬಗೆಯ ಬಾಳು ಒಂದೇ ಬಗೆಯ ಮೈಯನ್ನು ರೂಪಿಸುತ್ತದೆ. ನೆಲ ಕೆದಕುವ ಬಾಳು ಅಲ್ಲಿ ಸಂಚಿಪ್ರಾಣಿಯ ಮೂತಿಯನ್ನು, ಇಲ್ಲಿ ಇಲಿಯ ಮೂತಿಯನ್ನು ಒಂದೇ ಕೆಲಸಕ್ಕೆ ಹೂಡಿತು.

ಮುಧೋಳದವರಿಗೆ ಇನ್ನೊಂದು ನಿದರ್ಶನ ಹೇಳಿದರೆ ಬೇಗ ಮನವರಿಕೆಯಾದೀತು. ಟಾಸ್ಮೇನಿಯ ದ್ವೀಪದಲ್ಲಿ ಥೈಲಸೀನ್ ಎಂಬ ಪ್ರಾಣಿಯಿತ್ತು. ತಲೆ, ದವಡೆ, ಎದೆ, ಕಾಲು ಎಲ್ಲ ಬೇಟೆನಾಯಿಯವು. ಬೆನ್ನಿನ ಮೇಲೆ ಮಾತ್ರ ಹುಲಿಯ ಪಟ್ಟೆ. ಆದರೆ ಅದು ಸಂಚಿಪ್ರಾಣಿ. ಕುರಿ ಕೊಲ್ಲುತ್ತದೆಂದು ಸರಕಾರವೇ ಬಹುಮಾನ ಕಟ್ಟಿ ಅದನ್ನು ಕೊಲ್ಲಿಸಿತು. ಕಟ್ಟಕಡೆಯದು ಹೋಬಾರ್ಟಿನ ಮೃಗಾಲಯದಲ್ಲಿ ೧೯೩೬ರ ಸೆಪ್ಟೆಂಬರ್ ೭ರಂದು ಸತ್ತಿತು. ೨೦೦೫ರಲ್ಲಿ ಅಂಚೆಚೀಟಿಯ ಮೇಲೂ ಮೂಡಿದ ನಮ್ಮ ಮುಧೋಳದ ನಾಯಿಯನ್ನು ಅದರ ಪಕ್ಕದಲ್ಲಿ ನಿಲ್ಲಿಸಿದ್ದರೆ ಅಣ್ಣತಮ್ಮಂದಿರೆಂದು ತಿಳಿಯುತ್ತಿದ್ದೆವು. ನಿಜಕ್ಕೂ ಮುಧೋಳದ ನಾಯಿಗೆ ಹತ್ತಿರದ ನೆಂಟರು ಅದನ್ನು ಹಗ್ಗ ಹಿಡಿದು ನಿಲ್ಲಿಸಿದ ಮನುಷ್ಯ, ಅದು ಬೆನ್ನಟ್ಟುವ ಮೊಲ. ಥೈಲಸೀನಿಗೆ ಹತ್ತಿರದ್ದು ಕಾಂಗರೂ.

ನಮ್ಮ ದೇಶದಲ್ಲಿ ಸಂಚಿಪ್ರಾಣಿಗಳೇಕೆ ಇಲ್ಲ ಎಂಬ ಪ್ರಶ್ನೆ ಏಳುವುದು ಸ್ವಾಭಾವಿಕ. ದಕ್ಷಿಣದ ಭೂಖಂಡಗಳೆಲ್ಲ ಒಂದು ಕಾಲಕ್ಕೆ ಕೂಡಿಕೊಂಡಿದ್ದವು. ಆ ಮಹಾಭೂಮಿಗೆ ವಿಜ್ಞಾನಿಗಳು ಇಟ್ಟ ಹೆಸರು ಗೊಂಡವಾನ. ನಮ್ಮ ಮಧ್ಯಭಾರತದ ಗೊಂಡರ ನಾಡಿನ ಹೆಸರು. ಸುಮಾರು ೧೩ ಕೋಟಿ ವರ್ಷಗಳ ಆಸುಪಾಸಿನಲ್ಲಿ ಭಾರತ ಅದರಿಂದ ಕಳಚಿಕೊಂಡು ಉತ್ತರಕ್ಕೆ ಸರಿಯತೊಡಗಿತು. ಸಂಚಿಪ್ರಾಣಿಗಳು ದಕ್ಷಿಣ ಅಮೆರಿಕದಿಂದ ಅಂಟಾರ್ಕ್ಟಿಕದ ಮಾರ್ಗವಾಗಿ ಆಸ್ಟ್ರೇಲಿಯ ಸೇರಿದ್ದು ಅದಾದ ಬಹುಕಾಲದ ಮೇಲೆ. ಅಂಟಾರ್ಕ್ಟಿಕದ ಸೀಮೋರ್ ದ್ವೀಪದಲ್ಲಿ ಇವುಗಳ ಅವಶೇಷ ದೊರೆತ ಸುದ್ದಿ ೧೯೮೨ರಲ್ಲಿ ಪ್ರಕಟವಾಯಿತು. ಆಸ್ಟ್ರೇಲಿಯದ ಮರ್ಗನ್ ಎಂಬಲ್ಲಿ ಸಿಕ್ಕಿರುವ ಅವಶೇಷಗಳಿಗೆ ಸುಮಾರು ಐದೂವರೆ ಕೋಟಿ ವರ್ಷ. ಅಷ್ಟರಲ್ಲಿ ಭಾರತದ ಹಡಗು ದೂರ ಹೋಗಿಬಿಟ್ಟಿತ್ತು. ದಖನ್ನಿನ ಲಾವಾ ಹರಿದು ಆರಿ, ಮುಂದೆ ಜಮಖಂಡಿಯ ಎರೆಮಣ್ಣಾಗಲಿದ್ದ ಕಲ್ಲು ಸಿದ್ಧವಾಗಿತ್ತು. ಇಂದು ಈ ಪ್ರಾಣಿಗಳು ಏಷ್ಯದ ಕಡೆಗೆ ಬಂದಿರುವುದು ಸುಲವೆಸಿ ದ್ವೀಪದವರೆಗೆ ಮಾತ್ರ. ನಮ್ಮಲ್ಲಿಗೆ ಬರಲಾರದ ಪ್ರಾಣಿಗೆ ನಮ್ಮಲ್ಲಿಂದ ಹೆಸರು ಮಾತ್ರ ಹೋಯಿತು.

ಇನ್ನು ಹೆಗ್ಗಣದ ಕಡೆಗೆ ತಿರುಗೋಣ. ಈ ಹುಡುಕಾಟದಲ್ಲಿ ನನಗೆ ಎದುರಾದ ವ್ಯಕ್ತಿ ವಾಲ್ಟರ್ ಎಲಿಯಟ್. ಕನ್ನಡ ಓದಿದವರಿಗೆ ಇವನು ಅಪರಿಚಿತನಲ್ಲ. ೧೮೦೩ರಲ್ಲಿ ಎಡಿನ್‌ಬರೋದಲ್ಲಿ ಹುಟ್ಟಿ, ಮದರಾಸಿನ ಕಂಪನಿ ಸರಕಾರದ ನೌಕರಿಗೆ ಸೇರಿ, ಧಾರವಾಡಕ್ಕೆ ಥ್ಯಾಕರೆಯ ಸಹಾಯಕನಾಗಿ ಬಂದವನು. ೧೮೨೪ರ ಅಕ್ಟೋಬರ್ ೨೩ರಂದು ಕಿತ್ತೂರಿನ ಕದನದಲ್ಲಿ ಥ್ಯಾಕರೆ ಮಡಿದಾಗ ರಾಣಿ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕ ಇಬ್ಬರು ಅಧಿಕಾರಿಗಳಲ್ಲಿ ಎಲಿಯಟ್ ಒಬ್ಬ. ಬಿಡುಗಡೆಯಾದ ಮೇಲೆ ಈ ನಾಡಿನ ಮೇಲೆ ಅವನು ಹಗೆ ಸಾಧಿಸಲಿಲ್ಲ. ಅದರ ಕಲ್ಲುಗಳನ್ನು ಓದಿಸಿದ. ಅವನು ನಕಲು ಮಾಡಿಸಿದ ಕನ್ನಡನಾಡಿನ ಶಾಸನಗಳು ೫೯೫. ಚಾಲುಕ್ಯರ ವಂಶಾವಳಿಯ ಮೊದಲ ನಕ್ಷೆ ಮೂಡಿದ್ದು ಅವುಗಳ ಆಧಾರದಿಂದ ಅವನು ೧೮೩೭ರ ಸುಮಾರಿಗೆ ಪ್ರಕಟಿಸಿದ ಲೇಖನದಲ್ಲಿ. ಶಾಸನಶಾಸ್ತ್ರದ ಪಾಠದಲ್ಲಿ ನಾನು ಇಷ್ಟನ್ನು ಹೇಳಿ ಮುಂದೆ ಹೋಗುತ್ತಿದ್ದೆ.

ಅದೇ ಎಲಿಯಟ್ ೧೮೩೯ರಲ್ಲಿ ಮದರಾಸಿನ ಒಂದು ವಿದ್ವತ್ಪತ್ರಿಕೆಯಲ್ಲಿ ದಕ್ಷಿಣ ಮರಾಠಾ ಸೀಮೆಯ ಸ್ತನಿಗಳ ಪಟ್ಟಿಯೊಂದನ್ನು ಪ್ರಕಟಿಸಿದ. ದಕ್ಷಿಣ ಮರಾಠಾ ಸೀಮೆ ಎಂದರೆ ಅಂದಿನ ಇಂಗ್ಲಿಷರ ಬಾಯಲ್ಲಿ ಕೃಷ್ಣೆಯ ದಕ್ಷಿಣದ ನಮ್ಮ ಪ್ರದೇಶ. ಪಟವರ್ಧನರ ಜಮಖಂಡಿ, ಘೋರ್ಪಡೆಯವರ ಮುಧೋಳ ಅದರ ಸಂಸ್ಥಾನಗಳಲ್ಲಿ ಸೇರಿದ್ದವು. ಹೆಸರು ಮರಾಠಾ ಸೀಮೆಯದಾದರೂ ಅಲ್ಲಿಯ ಜನರ ಮಾತು ಕನ್ನಡವೆಂಬುದು ಎಲಿಯಟನಿಗೆ ಚೆನ್ನಾಗಿ ಗೊತ್ತಿತ್ತು. ಪ್ರಾಣಿಗಳ ಲ್ಯಾಟಿನ್ ಹೆಸರಿನೊಡನೆ ಅವನು ರೈತರ ಕನ್ನಡದ ಹೆಸರನ್ನೂ, ಕೆರೆ ತೋಡುವ ವಡ್ಡರ ಹೆಸರನ್ನೂ ಬರೆದುಕೊಂಡ. ವಡ್ಡರು ಇಲಿಯ ಬಿಲ ಅಗೆದು ಇಲಿಯ ಜೊತೆಗೆ ಅದು ಕೂಡಿಟ್ಟ ಜೋಳವನ್ನೂ ಪಡೆಯುತ್ತಿದ್ದ ಸಂಗತಿಯನ್ನು ದಾಖಲಿಸಿದ. ಮುಂದಾಲೋಚನೆಯಿಂದ ಕಾಳು ಸಂಗ್ರಹಿಸುವ ಆ ಇಲಿಗೆ ಅವನೇ ಲ್ಯಾಟಿನ್ನಿನಲ್ಲಿ 'ಪ್ರಾವಿಡೆನ್ಸ್' ಎಂದು ಹೆಸರಿಟ್ಟ. ಮುನ್ನೋಟವುಳ್ಳದ್ದು ಎಂದು ಅದರ ಅರ್ಥ.

ಎಲಿಯಟ್ ಸಂಗ್ರಹಿಸಿದ ಇಲಿಗಳನ್ನು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಜಾನ್ ಎಡ್ವರ್ಡ್ ಗ್ರೇ ಎಂಬ ಪಂಡಿತ ಪರೀಕ್ಷಿಸಿ ೧೮೩೭ರಲ್ಲಿ ನಾಮಕರಣ ಮಾಡಿದ್ದ. ಜನರ ಹೆಸರುಗಳನ್ನೇ ಎತ್ತಿ ಲ್ಯಾಟಿನ್ ಸಾಲಿನಲ್ಲಿ ಕೂರಿಸಿದ್ದ. ಕನ್ನಡದ 'ಗುಲಾಂಡಿ' ಎಂಬ ಪೊದೆಯಿಲಿ 'ಗೊಲುಂಡ ಎಲಿಯೋಟಿ' ಆಯಿತು. ವಡ್ಡರ 'ಮೆಟ್ಟಾಡೆ' ಎಂಬ ಮೆದುರೋಮದ ಇಲಿ 'ಮೆಲ್ಟಾಡ' ಆಯಿತು. ಟಕಾರದ ಜಾಗದಲ್ಲಿ ಲಕಾರ ನುಸುಳಿತು. ವಿಜ್ಞಾನದ ನಿಯಮದಂತೆ ಮೊದಲು ಪ್ರಕಟವಾದ ರೂಪವೇ ಸ್ಥಿರವಾದ್ದರಿಂದ ಆ ಲಕಾರ ಇಂದಿಗೂ ನಿಂತಿದೆ. ಓಲೆಯ ಪ್ರತಿಯಲ್ಲಾದರೆ ಅದನ್ನು ನಾವು ಅಡಿಟಿಪ್ಪಣಿಗೆ ಇಳಿಸುತ್ತಿದ್ದೆವು. ಇನ್ನು ಕಾಳು ಕೂಡಿಡುವ ಆ ಇಲಿಗೆ ಕನ್ನಡದ ಹೆಸರು 'ಕೋಕ್' ಎಂದು ಪಟ್ಟಿಯಲ್ಲಿದೆ. ಗ್ರೇ ಅದನ್ನು 'ಮುಸ್ ಕೋಕ್' ಎಂದು ಕರೆದ. ಪಂದಿಕೊಕ್ಕಿನ ಕೊಕ್ಕು ಇದೇ. ಹೆಗ್ಗಣಗಳ ಕುಲಕ್ಕೆ 'ಬ್ಯಾಂಡಿಕೋಟ' ಎಂದು ೧೮೭೩ರಲ್ಲಿ ಹೆಸರಿಟ್ಟವನೂ ಗ್ರೇಯೇ.

ಆ ಪುಟ ಓದುತ್ತಿದ್ದಾಗ ನನ್ನ ಕೈ ನಿಂತಿತು. ನಾನು ಅಧ್ಯಾಪಕನಾದ ಹೊಸದರಲ್ಲಿ ಮುಧೋಳದ ಕಡೆಯ ಹಳ್ಳಿಯ ಹುಡುಗನೊಬ್ಬ ಸುಗ್ಗಿಯ ಮೇಲೆ ಪ್ರಬಂಧ ಬರೆದಿದ್ದ. ರಾತ್ರಿ ಹೊಲದಲ್ಲಿ ಕೋಕುಗಳು ಜೋಳದ ತೆನೆ ಕೊಯ್ದು ಬಿಲಕ್ಕೆ ಒಯ್ಯುವುದನ್ನೂ, ತನ್ನ ತಾಯಿ ಬರಗಾಲದಲ್ಲಿ ಆ ಬಿಲ ಅಗೆದು ಕಾಳು ತಂದದ್ದನ್ನೂ ಅದರಲ್ಲಿ ವಿವರಿಸಿದ್ದ. ನಾನು 'ಕೋಕು' ಎಂಬ ಶಬ್ದದ ಕೆಳಗೆ ಕೆಂಪು ಗೆರೆ ಎಳೆದು, ಇಂಥ ಶಬ್ದ ಕನ್ನಡದಲ್ಲಿಲ್ಲ, ಇಲಿ ಎಂದು ಬರೆಯಬೇಕು ಎಂದು ಟಿಪ್ಪಣಿ ಹಾಕಿದೆ. ಹುಡುಗ ಎದ್ದು ನಿಂತು, "ಇಲಿ ಬ್ಯಾರೆ ರೀ ಸರ್, ಕೋಕು ಬ್ಯಾರೆ" ಎಂದ. ತರಗತಿ ನಕ್ಕಿತು. ನಾನೂ ನಕ್ಕೆ. ಅವನು ಹೇಳಿದ್ದು ವರ್ಗೀಕರಣದ ಮೊದಲ ಸೂತ್ರ: ಇದು ಬೇರೆ, ಅದು ಬೇರೆ. ಸೆರೆಯಿಂದ ಬಿಡುಗಡೆಯಾದ ಒಬ್ಬ ಪರದೇಶಿ ರೈತನ ಮಾತನ್ನು ಕಿವಿಗೊಟ್ಟು ಕೇಳಿ ಬರೆದುಕೊಂಡ. ರೈತನ ಮಗ ತಾನಾಗಿ ಬರೆದು ತಂದದ್ದನ್ನು ಕನ್ನಡದ ಮೇಷ್ಟ್ರು ಹೊಡೆದು ಹಾಕಿದ. ಆ ವಿದ್ಯಾರ್ಥಿ ಈಗ ಎಲ್ಲಿದ್ದಾನೋ ತಿಳಿಯದು. ಈ ಭಾಷಣ ಅವನ ಕಿವಿಗೆ ಬಿದ್ದರೆ, ತಪ್ಪು ನನ್ನದೆಂದು ಅವನು ತಿಳಿಯಲಿ.

ಬೀಳಗಿ ಮುಧೋಳ ತಾಲೂಕುಗಳ ಯಡಹಳ್ಳಿಯ ಕುರುಚಲು ಕಾಡನ್ನು ೨೦೧೬ರಲ್ಲಿ ಚಿಂಕಾರ ವನ್ಯಧಾಮವೆಂದು ಘೋಷಿಸಲಾಯಿತು. ಅದರ ವಿಸ್ತಾರ ೯೬.೩೬ ಚದರ ಕಿಲೋಮೀಟರ್. ಸಂತೋಷದ ಸಂಗತಿಯೇ ಸರಿ. ಆದರೆ ಚಿಂಕಾರ ಎಂಬುದು ಹಿಂದಿಯಿಂದ ಬಂದ ಹೆಸರು. ಕಳೆದ ಶತಮಾನದ ಹಿಂದಿನ ಪ್ರಾಣಿಶಾಸ್ತ್ರದ ಪುಸ್ತಕಗಳು ಈ ಹುಲ್ಲೆಗೆ ಕನ್ನಡದಲ್ಲಿ ತಿಸ್ಕ, ಬುದರಿ, ಮುದರಿ ಎಂಬ ಮೂರು ಹೆಸರುಗಳನ್ನು ಕೊಡುತ್ತವೆ. ರೋಮನ್ ಲಿಪಿಯಲ್ಲಿ ಬರೆದದ್ದಾದ್ದರಿಂದ ಹ್ರಸ್ವ ಯಾವುದು, ದೀರ್ಘ ಯಾವುದು ಎಂಬುದನ್ನು ಬೀಳಗಿಯ ಕುರಿಗಾರರಲ್ಲಿ ಯಾರಾದರೂ ಹಿರಿಯರು ಹೇಳಿದರೆ ಮಾತ್ರ ನಿರ್ಣಯಿಸಬಹುದು. ಕೇಳುವುದಾದರೆ ಈಗಲೇ ಹೋಗಿ ಕೇಳಬೇಕು.

ಹೆಸರು ಕಳೆದುಕೊಂಡವರು ನಾವು ಮಾತ್ರವೇ ಅಲ್ಲ ಎಂಬುದನ್ನೂ ಹೇಳಬೇಕು. ಕಾಂಗರೂ ಎಂಬುದು ಆಸ್ಟ್ರೇಲಿಯದ ಮೂಲನಿವಾಸಿಗಳ 'ಗಂಗುರು' ಎಂಬ ಶಬ್ದ. ೧೭೭೦ರಲ್ಲಿ ಕುಕ್ಕನ ಸಂಗಡಿಗರು ಕೇಳಿ ಬರೆದುಕೊಂಡದ್ದು. ಕೇಳಿದ್ದರಿಂದ ಅದು ಉಳಿಯಿತು. ಪಶ್ಚಿಮ ಆಸ್ಟ್ರೇಲಿಯದ ನೂಂಗಾರ್ ಜನ ತಮ್ಮ ಬ್ಯಾಂಡಿಕೂಟನ್ನು 'ಕ್ವೆಂಡ' ಎನ್ನುತ್ತಾರೆ. ಒಂದೊಂದು ಜನಾಂಗವೂ ಆ ಪ್ರಾಣಿಗೆ ತನ್ನದೇ ಹೆಸರನ್ನು ಕೊಟ್ಟಿತ್ತು. ಅವುಗಳ ಮೇಲೆ ನಮ್ಮ ಪಂದಿಕೊಕ್ಕು ಹೋಗಿ ಕುಳಿತಿತು. ಅಲ್ಲಿಯ ಒಂದು ಜಾತಿಗೆ ಕಾಲಿನ ರೂಪದಿಂದ 'ಹಂದಿಗಾಲಿನ ಬ್ಯಾಂಡಿಕೂಟ್' ಎಂದು ಹೆಸರಾಯಿತು. ಹೆಸರಿನಲ್ಲಿ ಎರಡೆರಡು ಹಂದಿ, ಪ್ರಾಣಿಯಲ್ಲಿ ಒಂದೂ ಇಲ್ಲ. ಅದೂ ೨೦ನೆಯ ಶತಮಾನದಲ್ಲಿ ನಿರ್ನಾಮವಾಯಿತು.

ಎಲಿಯಟ್ ಮುಪ್ಪಿನಲ್ಲಿ ಕಣ್ಣು ಕಳೆದುಕೊಂಡು ೧೮೮೭ರಲ್ಲಿ ತೀರಿಕೊಂಡ. ಅವನ ಪಟ್ಟಿಯಲ್ಲಿ ನಮ್ಮ ಹೊಲದ ಹೆಸರುಗಳಿವೆ. ನಮ್ಮ ಹೊಲಗಳಲ್ಲಿ ಈಗ ಜೋಳದ ಜಾಗಕ್ಕೆ ಕಬ್ಬು ಬಂದಿದೆ. ಕಬ್ಬಿನಲ್ಲಿ ಇಲಿಗಳು ಕಡಿಮೆಯಾಗಿಲ್ಲ, ಇಲಿಗಳ ಹೆಸರು ಕಡಿಮೆಯಾಗಿವೆ. ಎಲ್ಲಕ್ಕೂ ಒಂದೇ ಪಾಷಾಣ, ಒಂದೇ ಹೆಸರು.

ಕಳೆದ ವಾರ ಮೊಮ್ಮಗನಿಗೆ ನಾನೇ ದೂರವಾಣಿ ಮಾಡಿದೆ. "ತಮ್ಮಾ, ನೀ ಹೇಳಿದ್ದ ಖರೆ. ಅದು ಹೆಗ್ಗಣ ಅಲ್ಲ" ಎಂದೆ. "ಮತ್ತ ಅದಕ್ಕ ಕನ್ನಡದಾಗ ಏನಂತಾರ ಅಜ್ಜಾ?" ಎಂದು ಕೇಳಿದ. ಕನ್ನಡದಲ್ಲಿ ಅದಕ್ಕೆ ಹೆಸರಿಲ್ಲ, ನಮ್ಮ ನೆಲದ ಪ್ರಾಣಿಯಲ್ಲ, ಅಲ್ಲಿಯವರು ಏನೆನ್ನುತ್ತಾರೋ ಅವರನ್ನೇ ಕೇಳು ಎಂದೆ. ಕೇಳಿ ಬರೆದಿಟ್ಟುಕೋ ಎಂದೂ ಹೇಳಿದೆ.